ಕೊಡಗಿನಲ್ಲಿ ಸೇವಾ ಕ್ಲಬ್‌ನ ಒಂದು ವರ್ಷ: ಯೋಜನೆ ಆರಿಸುವುದರಿಂದ ಹಸ್ತಾಂತರದವರೆಗೆ

ರೋಟರಿ ಮತ್ತು ಲಯನ್ಸ್ ಕ್ಲಬ್‌ಗಳ ವರ್ಷ ಶುರುವಾಗುವುದು ಜುಲೈ 1ರಂದು. ಕೊಡಗಿಗೆ ಇದಕ್ಕಿಂತ ಅನನುಕೂಲದ ದಿನ ಮತ್ತೊಂದಿಲ್ಲ. ಪದಗ್ರಹಣ ಸಮಾರಂಭದ ಹಾರ ಬಾಡುವ ಮೊದಲೇ ಮಳೆ ಜೋರು ಹಿಡಿದಿರುತ್ತದೆ, ಕರೆಂಟ್ ಹೋಗಿರುತ್ತದೆ, ಶಾಲೆಗಳಿಗೆ ರಜೆ ಸಾರಿರುತ್ತಾರೆ, ಗದ್ದೆ ಇದ್ದವರು ನಾಟಿಗೆ ಇಳಿದಿರುತ್ತಾರೆ. ಮಳೆಯ ತಿಂಗಳು ಕಕ್ಕಡ ಕಳೆಯಲಿ, ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿಯಲಿ ಎಂದು ಕಾಯುತ್ತಾ ಕುಳಿತರೆ ಸೆಪ್ಟೆಂಬರ್ ಬಂದಿರುತ್ತದೆ. ಆಮೇಲೆ ದಸರಾ, ಕಾವೇರಿ ತುಲಾ ಸಂಕ್ರಮಣ, ಸುಗ್ಗಿಯ ಹಬ್ಬ ಪುತ್ತರಿ. ಅದರ ಬೆನ್ನಿಗೇ ಕಾಫಿ ಕೊಯ್ಲು. ಮಾರ್ಚ್ ಹೊತ್ತಿಗೆ ಅಧ್ಯಕ್ಷರಿಗೆ ವರದಿಯ ನೆನಪಾಗಿ, ಗಡಿಬಿಡಿಯಲ್ಲಿ ಆಸ್ಪತ್ರೆಯಲ್ಲಿ ಹಣ್ಣು ಹಂಚಿ, ಶಾಲೆಯಲ್ಲಿ ನೋಟ್‌ಪುಸ್ತಕ ಕೊಟ್ಟು ವರ್ಷ ಮುಗಿಸುತ್ತಾರೆ.

ಹೀಗಾಗಬೇಕಿಲ್ಲ. ಮುಂದಿನ ವರ್ಷಕ್ಕೆ ಆಯ್ಕೆಯಾದ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳು ಮಾರ್ಚ್‌ನಲ್ಲೇ ಕೆಲಸ ಶುರು ಮಾಡಿದರೆ ಜುಲೈ 1 ಬರೀ ಸಮಾರಂಭದ ದಿನವಾಗಿ ಉಳಿಯುತ್ತದೆ. ಯುವಜನರ ಸಂಘಟನೆಯಾದ ಜೇಸಿಯ ಘಟಕಗಳ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ ನಡೆಯುವುದರಿಂದ ಅವರಿಗೆ ಈ ತೊಡಕು ಸ್ವಲ್ಪ ಕಡಿಮೆ. ಆದರೆ ಅವರ ಮೊದಲ ತಿಂಗಳುಗಳು ಕಾಫಿ ಕೊಯ್ಲಿನ ನಡುಮಧ್ಯೆ ಬೀಳುತ್ತವೆ. ಒಟ್ಟಿನಲ್ಲಿ ಇಲ್ಲಿನ ಸೇವಾ ಕೆಲಸ ಇಲ್ಲಿನ ಋತುಮಾನಕ್ಕೆ ಹೊಂದಿಕೊಂಡು ನಡೆಯಬೇಕು. ಅದನ್ನು ಹೇಗೆ ಮಾಡಬಹುದು ಎಂಬುದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಹಂತ 1: ಮಾರ್ಚ್‌ನಿಂದ ಮೇವರೆಗೆ, ಕೇಳುವ ಕೆಲಸ

ಕ್ಲಬ್‌ನ ಸಭೆಯಲ್ಲಿ ಕುಳಿತು ಊರಿಗೆ ಏನು ಬೇಕೆಂದು ತೀರ್ಮಾನಿಸಬೇಡಿ. ಸದಸ್ಯರಲ್ಲಿ ಬಹುಪಾಲು ಬೆಳೆಗಾರರು, ವ್ಯಾಪಾರಿಗಳು, ವೈದ್ಯರು, ವಕೀಲರು. ಅವರಿಗೆ ಕಾಣುವ ಕೊರತೆಯೇ ಬೇರೆ, ತೋಟದ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಯಲ್ಲಿ ಇರುವವರ ಕೊರತೆಯೇ ಬೇರೆ.

ಯಾರನ್ನು ಕೇಳಬೇಕು? ಮೊದಲು ಆಶಾ ಕಾರ್ಯಕರ್ತೆ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಬಾಣಂತಿಗೆ ರಕ್ತ ಕಡಿಮೆ ಎಂಬುದು ಅವರಿಗೆ ಬಾಯಿಪಾಠ. ನಂತರ ಅಂಗನವಾಡಿ ಕಾರ್ಯಕರ್ತೆ, ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರು, ಗ್ರಾಮ ಪಂಚಾಯಿತಿಯ ಪಿಡಿಒ, ತೋಟದ ಲೆಕ್ಕ ಬರೆಯುವ ರೈಟರ್ ಮತ್ತು ಮೇಸ್ತ್ರಿ, ಬುಡಕಟ್ಟು ಜನರ ಹಾಡಿಯ ಹಿರಿಯರು, ಆಂಬುಲೆನ್ಸ್ ಚಾಲಕರು. ಆಂಬುಲೆನ್ಸ್ ಚಾಲಕರನ್ನು ಯಾರೂ ಕೇಳುವುದಿಲ್ಲ. ಯಾವ ರಸ್ತೆಯಲ್ಲಿ ಮಳೆಗಾಲದಲ್ಲಿ ಗಾಡಿ ಹೋಗುವುದಿಲ್ಲ, ಎಲ್ಲಿಂದ ರೋಗಿಯನ್ನು ಹೊತ್ತು ತರಬೇಕಾಗುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ.

ಕೇಳುವ ರೀತಿಯೂ ಮುಖ್ಯ. "ನಿಮಗೆ ಏನು ಬೇಕು?" ಎಂದರೆ ಎದುರಿನವರು ನೀವು ಕೊಡಬಹುದಾದದ್ದನ್ನು ಊಹಿಸಿ ಅದನ್ನೇ ಹೇಳುತ್ತಾರೆ. "ಕಳೆದ ಮಳೆಗಾಲದಲ್ಲಿ ಯಾವುದರಿಂದ ಹೆಚ್ಚು ಕಷ್ಟವಾಯಿತು?" ಎಂದು ಕೇಳಿ. "ಹೋದ ಸಲ ಆಸ್ಪತ್ರೆಗೆ ಹೋಗಲು ಎಷ್ಟು ಖರ್ಚಾಯಿತು, ಯಾರ ಹತ್ತಿರ ಸಾಲ ಮಾಡಿದಿರಿ?" ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಭಾಷೆಯ ವಿಷಯದಲ್ಲೂ ಎಚ್ಚರ ಬೇಕು. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು ಆಡುವವರು ಕನ್ನಡದಲ್ಲೂ ಸಲೀಸಾಗಿ ಉತ್ತರ ಕೊಟ್ಟಾರು. ಆದರೆ ಯರವರ ಹಾಡಿಯ ಹಿರಿಯ ಹೆಂಗಸರು ಅಪರಿಚಿತರ ಕನ್ನಡಕ್ಕೆ ತಲೆಯಾಡಿಸಿ ಸುಮ್ಮನಾಗುವುದೇ ಹೆಚ್ಚು. ಅಸ್ಸಾಂನಿಂದ ಬಂದ ತೋಟದ ಕಾರ್ಮಿಕರ ಜೊತೆ ಮಾತನಾಡಲು ಹಿಂದಿ ಬಲ್ಲ ಸದಸ್ಯರೊಬ್ಬರನ್ನು ಕರೆದುಕೊಂಡು ಹೋಗಿ.

ಕೇಳಿದ್ದನ್ನು ಅಂದೇ ಬರೆದಿಡಿ: ಊರು, ತೊಂದರೆ, ಎಷ್ಟು ಮನೆಗೆ ಸಂಬಂಧಿಸಿದ್ದು, ಹೇಳಿದವರು ಯಾರು. ಮುಂದೆ ದೊಡ್ಡ ಅನುದಾನಕ್ಕೆ ಅರ್ಜಿ ಹಾಕುವುದಾದರೆ ಇದೇ ಟಿಪ್ಪಣಿ ಆಧಾರವಾಗುತ್ತದೆ. ರೋಟರಿ ಪ್ರತಿಷ್ಠಾನದ ಜಾಗತಿಕ ಅನುದಾನಕ್ಕೆ ಕನಿಷ್ಠ 30,000 ಡಾಲರ್ ಬಜೆಟ್, ಬೇರೆ ದೇಶದ ಕ್ಲಬ್‌ನ ಸಹಭಾಗಿತ್ವ ಎರಡೂ ಬೇಕು. ಅವುಗಳ ಜೊತೆಗೆ ಊರಿನ ಅಗತ್ಯವನ್ನು ಅಧ್ಯಯನ ಮಾಡಿದ್ದಕ್ಕೆ ದಾಖಲೆಯನ್ನೂ ಕೇಳುತ್ತಾರೆ.

ಹಂತ 2: ಆರಿಸುವುದು

ಬಂದ ಪಟ್ಟಿಯಲ್ಲಿ ಒಂದು ದೊಡ್ಡ ಯೋಜನೆ, ಎರಡೋ ಮೂರೋ ಸಣ್ಣವು ಸಾಕು. ವರ್ಷಕ್ಕೆ ಹತ್ತಾರು ಕಾರ್ಯಕ್ರಮ ಮಾಡಿ ಪ್ರಶಸ್ತಿ ಗಿಟ್ಟಿಸುವ ಕ್ಲಬ್‌ಗಳಿವೆ. ನನಗೆ ಆ ದಾರಿ ಒಪ್ಪಿಗೆಯಿಲ್ಲ. ಮೂರು ಪ್ರಶ್ನೆ ಕೇಳಿ ಸೋಸಿ: ಇದನ್ನು ಕೇಳಿದವರು ಊರಿನವರೋ ನಾವೋ? ನಮ್ಮ ವರ್ಷ ಮುಗಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು, ಅವರ ಹೆಸರೇನು? ಸರ್ಕಾರವೇ ಮಾಡಬೇಕಾದ ಕೆಲಸವಾದರೆ, ನಾವು ಮಾಡುವುದಕ್ಕಿಂತ ಅವರಿಂದ ಮಾಡಿಸುವುದು ಸುಲಭವಲ್ಲವೇ?

ಎರಡನೆಯ ಪ್ರಶ್ನೆಗೆ ಒಬ್ಬ ವ್ಯಕ್ತಿಯ ಹೆಸರು ಸಿಗದಿದ್ದರೆ ಆ ಯೋಜನೆಯನ್ನು ಬಿಟ್ಟುಬಿಡಿ. "ಪಂಚಾಯಿತಿಯವರು", "ಶಾಲೆಯವರು" ಎಂಬುದು ಉತ್ತರವಾಗುವುದಿಲ್ಲ. ಬಾಗಿಲಿಗೆ ಬೀಗ ಬಿದ್ದ ಶೌಚಾಲಯಗಳು, ಧೂಳು ಹಿಡಿದ ನೀರಿನ ಯಂತ್ರಗಳು, ದಾನಿಗಳ ಹೆಸರು ಮಾತ್ರ ಸ್ಪಷ್ಟವಾಗಿ ಉಳಿದ ಬಸ್ ತಂಗುದಾಣಗಳು ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಅವುಗಳಿಗೆ ದುಡ್ಡು ಕೊಟ್ಟವರ ಮನಸ್ಸು ಒಳ್ಳೆಯದೇ ಇತ್ತು. ನೋಡಿಕೊಳ್ಳುವ ವ್ಯಕ್ತಿ ಇರಲಿಲ್ಲ.

ಹಂತ 3: ಕೊಡಗಿನ ಕ್ಯಾಲೆಂಡರ್ ಹಾಕುವುದು

ದೊಡ್ಡ ಹಾಳೆಯಲ್ಲಿ ಹನ್ನೆರಡು ತಿಂಗಳು ಬರೆದು ಮೊದಲು ಕೆಲಸ ಆಗದ ದಿನಗಳನ್ನು ಹೊಡೆದು ಹಾಕಿ. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ದೂರದ ಊರಿನಿಂದ ಜನ ಸೇರಬೇಕಾದ ಯಾವ ಶಿಬಿರವೂ ಬೇಡ. ನವೆಂಬರ್ ಕೊನೆಯಿಂದ ಅರೇಬಿಕಾ, ಅದರ ಹಿಂದೆಯೇ ರೊಬಸ್ಟಾ, ಜೊತೆಗೆ ಕರಿಮೆಣಸು ಎಂದು ಮಾರ್ಚ್‌ವರೆಗೂ ಕಾರ್ಮಿಕರಿಗೆ ಬಿಡುವಿಲ್ಲ. ಈ ಅವಧಿಯಲ್ಲಿ ವಾರದ ನಡುವೆ ಶಿಬಿರವಿಟ್ಟರೆ ಅವರ ಒಂದು ದಿನದ ಕೂಲಿ ನೀವು ಕಿತ್ತುಕೊಂಡ ಹಾಗೆ. ಭಾನುವಾರ ಇಡಿ. ಆದರೆ ಅಂದು ಆ ಊರಿನ ಸಂತೆ ಇದೆಯೇ ನೋಡಿಕೊಳ್ಳಿ. ಬಟವಾಡೆ ಪಡೆದ ಮರುದಿನ ಜನ ಸಂತೆಗೆ ಹೋಗುತ್ತಾರೆಯೇ ಹೊರತು ಶಿಬಿರಕ್ಕಲ್ಲ. ಸಂತೆಯ ದಿನವೇ ಇಡಬೇಕಾದರೆ ಸಂತೆಯ ಪಕ್ಕದಲ್ಲೇ ಇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಕೊಡವ ಹಾಕಿ ಉತ್ಸವ, ಮದುವೆಗಳು, ಊರಿನ ದೇವರ ಹಬ್ಬಗಳು. ಉಳಿಯುವುದು ಸೆಪ್ಟೆಂಬರ್ ಎರಡನೇ ವಾರದಿಂದ ನವೆಂಬರ್ ಮಧ್ಯದವರೆಗಿನ ಅವಧಿ. ವರ್ಷದ ದೊಡ್ಡ ಕೆಲಸ ಅಲ್ಲಿಗೆ ಬರಲಿ.

ಇನ್ನೊಂದು ಮಾತು. ಕಾಡಂಚಿನ ಊರುಗಳಲ್ಲಿ ಯಾವ ಕಾರ್ಯಕ್ರಮವನ್ನೂ ಸಂಜೆ ನಾಲ್ಕು ಗಂಟೆಯ ನಂತರಕ್ಕೆ ಎಳೆಯಬೇಡಿ. ನೀವು ಕಾರಿನಲ್ಲಿ ಮನೆಗೆ ಹೋಗುತ್ತೀರಿ. ಬಂದವರು ಆನೆ ತಿರುಗುವ ತೋಟದ ದಾರಿಯಲ್ಲಿ ನಡೆದು ಹೋಗಬೇಕು.

ಹಂತ 4: ಅನುಮತಿ ಮತ್ತು ಹಣ

ಶಾಲೆಯ ಕೆಲಸಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಒಪ್ಪಿಗೆ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ನಿರ್ಣಯ. ಆರೋಗ್ಯ ಶಿಬಿರಕ್ಕೆ ತಾಲ್ಲೂಕು ಆರೋಗ್ಯಾಧಿಕಾರಿಗೆ ಪತ್ರ. ಹಾಡಿಗೆ ಹೋಗುವುದಾದರೆ ಗಿರಿಜನ ಅಭಿವೃದ್ಧಿಯ ಐಟಿಡಿಪಿ ಕಚೇರಿಗೆ ಮಾಹಿತಿ, ಅರಣ್ಯದೊಳಗಿನ ಹಾಡಿಯಾದರೆ ಅರಣ್ಯ ಇಲಾಖೆಯ ಅನುಮತಿ. ತೋಟದೊಳಗೆ ಮಾಲೀಕರ ಒಪ್ಪಿಗೆ. ಎಲ್ಲವೂ ಬರಹದಲ್ಲಿರಲಿ, ಸ್ವೀಕೃತಿಯ ಮೊಹರು ಬಿದ್ದ ಪ್ರತಿ ನಿಮ್ಮ ಕಡತದಲ್ಲಿರಲಿ.

ಹಣದ ವಿಷಯದಲ್ಲಿ ಕಟ್ಟುನಿಟ್ಟು ಬೇಕು. ಕ್ಲಬ್‌ನ ಊಟ, ಬಾಡಿಗೆ, ಬ್ಯಾನರ್ ಖರ್ಚಿಗೆ ಒಂದು ಖಾತೆ, ಸೇವಾ ಯೋಜನೆಗೆ ಇನ್ನೊಂದು. ಲಯನ್ಸ್‌ನಲ್ಲಿ ಸಾರ್ವಜನಿಕರಿಂದ ಎತ್ತಿದ ಹಣವನ್ನು ಕ್ಲಬ್‌ನ ಆಡಳಿತ ವೆಚ್ಚಕ್ಕೆ ಮುಟ್ಟುವಂತಿಲ್ಲ ಎಂಬ ನಿಯಮವೇ ಇದೆ. ಬೇರೆ ಕ್ಲಬ್‌ಗಳೂ ಹಾಗೆಯೇ ನಡೆದುಕೊಳ್ಳುವುದು ಮರ್ಯಾದೆ. ಚೆಕ್‌ಗೆ ಇಬ್ಬರ ಸಹಿ, ದೊಡ್ಡ ಖರೀದಿಗೆ ಮೂರು ಅಂಗಡಿಯ ದರಪಟ್ಟಿ, ಪ್ರತಿ ದೇಣಿಗೆಗೂ ರಸೀದಿ. ಕ್ಲಬ್‌ನ ಟ್ರಸ್ಟ್‌ಗೆ ತೆರಿಗೆ ವಿನಾಯಿತಿಯ 80ಜಿ ನೋಂದಣಿ ಇದ್ದರೂ ಎರಡು ಸಾವಿರ ರೂಪಾಯಿ ಮೀರಿದ ನಗದು ದೇಣಿಗೆಗೆ ದಾನಿಗೆ ಆ ವಿನಾಯಿತಿ ಸಿಗುವುದಿಲ್ಲ. ಮೊದಲೇ ತಿಳಿಸಿ ಬ್ಯಾಂಕ್ ಮೂಲಕ ಪಡೆಯಿರಿ. ವಿದೇಶದಲ್ಲಿರುವ ಊರಿನವರು ಡಾಲರ್‌ನಲ್ಲೋ ದಿರ್ಹಾಮ್‌ನಲ್ಲೋ ಕೊಡುತ್ತೇವೆಂದು ಬಂದರೆ ಒಮ್ಮೆಲೇ ಹೂಂ ಎನ್ನಬೇಡಿ. ವಿದೇಶಿ ವಂತಿಗೆಗೆ ಬೇರೆಯೇ ಕಾನೂನಿದೆ, ಲೆಕ್ಕಪರಿಶೋಧಕರನ್ನು ಕೇಳಿ.

ಬಜೆಟ್‌ನಲ್ಲಿ ನಿರ್ವಹಣೆಗೆಂದು ಒಂದು ಪಾಲು ಮೊದಲೇ ತೆಗೆದಿಡಿ. ಯಂತ್ರ ಕೊಳ್ಳಲು ದಾನಿಗಳು ಸಿಗುತ್ತಾರೆ, ಅದರ ಫಿಲ್ಟರ್ ಬದಲಿಸಲು ಸಿಗುವುದಿಲ್ಲ.

ಕಣ್ಣಿನ ಶಿಬಿರ: ಲೈನ್ ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮತ್ತೆ ಮನೆಗೆ

ಹೆಲೆನ್ ಕೆಲ್ಲರ್ 1925ರಲ್ಲಿ ಲಯನ್ಸ್ ಸಮಾವೇಶದಲ್ಲಿ ಅಂಧರ ಪರವಾಗಿ ನಿಲ್ಲುವಂತೆ ಕರೆ ಕೊಟ್ಟಂದಿನಿಂದ ಕಣ್ಣಿನ ಕೆಲಸ ಸೇವಾ ಕ್ಲಬ್‌ಗಳ ಕೈಗೆ ಬಂದಿದೆ. ಕೊಡಗಿನಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವ ಕೆಲಸವೂ ಇದೇ.

ಮೊದಲ ಕೆಲಸ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯೊಂದನ್ನು ಗೊತ್ತು ಮಾಡಿಕೊಳ್ಳುವುದು. ಶಿಬಿರದಲ್ಲಿ ನಡೆಯುವುದು ತಪಾಸಣೆ ಮಾತ್ರ. ಪೊರೆಯ ಶಸ್ತ್ರಚಿಕಿತ್ಸೆ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲೇ ಆಗಬೇಕು. ಶಾಲೆಯ ಕೋಣೆಯಲ್ಲಿ, ಸಮುದಾಯ ಭವನದಲ್ಲಿ ಮಾಡಿಸುವ ಯೋಚನೆಯನ್ನೇ ಬಿಡಿ. ಜಿಲ್ಲಾ ಅಂಧತ್ವ ನಿವಾರಣಾ ವಿಭಾಗಕ್ಕೆ ಮಾಹಿತಿ ಕೊಟ್ಟರೆ ನೇತ್ರ ಸಹಾಯಕರನ್ನು ಕಳಿಸಿಕೊಡುವಂತೆಯೂ ಕೇಳಬಹುದು.

ಶಿಬಿರಕ್ಕೆ ಮೂರು ವಾರ ಮೊದಲು ಆಶಾ ಕಾರ್ಯಕರ್ತೆ ಮತ್ತು ತೋಟದ ರೈಟರ್ ಮೂಲಕ ಹೆಸರು ಬರೆಸಿ. ಧ್ವನಿವರ್ಧಕ ಕಟ್ಟಿ ಸಾರಿದರೆ ಪೇಟೆಯವರು ಬರುತ್ತಾರೆ, ಬರಬೇಕಾದವರು ಬರುವುದಿಲ್ಲ. ಪಟ್ಟಿಯಲ್ಲಿದ್ದವರಿಗೆ ಆಧಾರ್, ಪಡಿತರ ಚೀಟಿ, ಈಗ ನುಂಗುತ್ತಿರುವ ಮಾತ್ರೆಯ ಹಾಳೆ ತರಲು ಹೇಳಿ. ಅಂದು ಬಾಗಿಲಲ್ಲೇ ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆ ಇರಲಿ. ಇವೆರಡು ಹತೋಟಿಯಲ್ಲಿಲ್ಲದಿದ್ದರೆ ಆಸ್ಪತ್ರೆ ತಲುಪಿದ ಮೇಲೆ ಶಸ್ತ್ರಚಿಕಿತ್ಸೆ ಮುಂದೂಡುತ್ತಾರೆ, ಆ ವೃದ್ಧರು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಬೇಕಾಗುತ್ತದೆ.

ಪೊರೆಗಿಂತ ಹೆಚ್ಚು ಜನರಿಗೆ ಬೇಕಿರುವುದು ಹತ್ತಿರದ ದೃಷ್ಟಿಯ ಕನ್ನಡಕ. ನಲವತ್ತು ದಾಟಿದ ಹೆಂಗಸರು ಕಾಫಿ ಬೀಜ ಆರಿಸಲು ಕುಳಿತಾಗ ಗಮನಿಸಿ. ಮೊರವನ್ನು ಮಡಿಲಿನಿಂದ ದೂರ ಸರಿಸುತ್ತಾರೆ, ಬಾಗಿಲ ಬೆಳಕಿನ ಕಡೆಗೆ ತಿರುಗುತ್ತಾರೆ, ಕಪ್ಪು ಬೀಜ ಯಾವುದು ಒಡೆದದ್ದು ಯಾವುದು ಎಂದು ಬೆರಳಿನಿಂದ ತಡವಿ ನೋಡುತ್ತಾರೆ. ಆಯ್ದ ತೂಕಕ್ಕೆ ಕೂಲಿ ಸಿಗುವ ಕಡೆ ಇದರಿಂದ ಸಂಪಾದನೆಯೇ ಕಡಿಮೆಯಾಗುತ್ತದೆ. ಒಂದು ಸಿದ್ಧ ಕನ್ನಡಕದ ಬೆಲೆ ನಿಮ್ಮ ಪದಗ್ರಹಣ ಸಮಾರಂಭದ ಒಂದು ಊಟಕ್ಕಿಂತ ಹೆಚ್ಚಿರುವುದಿಲ್ಲ. ಶಿಬಿರದ ಮೇಜಿನ ಮೇಲೆ ಸೂಜಿದಾರ ಮತ್ತು ಒಂದು ಹಿಡಿ ಕಾಫಿ ಬೀಜ ಇಡಿ. ಕನ್ನಡಕ ಹಾಕಿಕೊಂಡವರು ಅಲ್ಲೇ ಸೂಜಿ ಪೋಣಿಸಿ, ಬೀಜ ಆರಿಸಿ ನೋಡಲಿ. ಅಕ್ಷರ ಬಾರದವರಿಗೆ ಓದುವ ಫಲಕಕ್ಕಿಂತ ಇದು ಸರಿಯಾದ ಪರೀಕ್ಷೆ.

ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರನ್ನು ಕರೆದೊಯ್ಯುವ ಬಸ್‌ನಲ್ಲಿ ಇಬ್ಬರು ಸದಸ್ಯರು ಇರಲೇಬೇಕು, ಅವರಲ್ಲಿ ಒಬ್ಬರು ಮಹಿಳೆಯಾದರೆ ಒಳ್ಳೆಯದು. ಊರು ಬಿಟ್ಟು ಹೋಗದ ಅಜ್ಜಿಯರಿಗೆ ಗುರುತಿನ ಮುಖವೊಂದು ಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆಮೇಲಿನ ಕೆಲಸ. ವೈದ್ಯರು ಹೇಳಿದಷ್ಟು ವಾರ ಕಣ್ಣಿಗೆ ಹನಿ ಹಾಕಬೇಕು, ಕೊಳಕು ನೀರು ತಾಗಬಾರದು. ಲೈನ್ ಮನೆಯಲ್ಲಿ ಒಂದೇ ಕೋಣೆ, ಅದರಲ್ಲೇ ಸೌದೆ ಒಲೆ. ಹೊಗೆಯಿಂದ ಕಣ್ಣು ಉಜ್ಜಿಕೊಳ್ಳದೆ ಇರುವುದು ಹೇಗೆ? ಆ ಮನೆಯಲ್ಲಿ ಬೇರೆಯವರು ಅಡುಗೆ ಮಾಡುವ ಏರ್ಪಾಡು, ತೋಟದ ಮಾಲೀಕರಿಂದ ಅಷ್ಟು ದಿನ ರಜೆ, ಸಾಧ್ಯವಾದರೆ ಕೂಲಿಯ ಒಂದು ಭಾಗ, ಇವನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಮಾತಾಡಿ ಮುಗಿಸಿ. ವಾರಕ್ಕೊಮ್ಮೆ ಒಬ್ಬ ಸದಸ್ಯ ಮನೆಗೆ ಹೋಗಿ ನೋಡಬೇಕು. ಕಣ್ಣು ಕೆಂಪಾಗಿ ನೋವು ಹೆಚ್ಚಾದರೆ, ದೃಷ್ಟಿ ಮಂಜಾದರೆ, ಅಂದೇ ಆಸ್ಪತ್ರೆ. ಈ ಭೇಟಿಗಳಿಗೆ ಜನ ಇಲ್ಲದ ಕ್ಲಬ್ ಶಸ್ತ್ರಚಿಕಿತ್ಸೆಯ ಶಿಬಿರಕ್ಕೆ ಕೈ ಹಾಕದೆ ಕನ್ನಡಕದ ಶಿಬಿರವನ್ನಷ್ಟೇ ಮಾಡಲಿ.

ರಕ್ತದಾನ: ದೊಡ್ಡದೊಂದು ಬೇಡ, ಸಣ್ಣವು ಹಲವು ಇರಲಿ

ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಬಂದರೆ ಎಲ್ಲ ಸಂಘಟನೆಗಳೂ ಬೃಹತ್ ಶಿಬಿರ ನಡೆಸುತ್ತವೆ. ಆದರೆ ಸಂಗ್ರಹಿಸಿದ ಕೆಂಪು ರಕ್ತಕಣ ಉಳಿಯುವುದು 35ರಿಂದ 42 ದಿನ, ಪ್ಲೇಟ್‌ಲೆಟ್ ಐದೇ ದಿನ. ಒಂದೇ ವಾರದಲ್ಲಿ ತುಂಬಿ ತುಳುಕಿದ ರಕ್ತನಿಧಿ ಎರಡು ತಿಂಗಳ ನಂತರ ಬರಿದಾಗಿರಬಹುದು. ಮಡಿಕೇರಿಯ ಜಿಲ್ಲಾ ಆಸ್ಪತ್ರೆಯ ರಕ್ತನಿಧಿ ಕೇಂದ್ರಕ್ಕೆ ಹೋಗಿ ಯಾವ ತಿಂಗಳು ಕೊರತೆ, ಯಾವ ಗುಂಪಿಗೆ ಕೊರತೆ ಎಂದು ಕೇಳಿ ದಿನ ಗೊತ್ತುಮಾಡಿ. ಕಾಲೇಜುಗಳಿಗೆ ರಜೆ ಇರುವ ಬೇಸಿಗೆ, ರಸ್ತೆ ಕೆಡುವ ಮಳೆಗಾಲ ಇವೆರಡನ್ನು ವಿಶೇಷವಾಗಿ ವಿಚಾರಿಸಿ.

ದಾನಿಗೆ 18ರಿಂದ 65 ವರ್ಷ, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಕರಿಮೆಣಸು ಕೊಯ್ಯಲು ಏಣಿ ಹತ್ತುವವರು, ನೆರಳುಮರದ ಕೊಂಬೆ ಸವರುವ ಮರಕಸಿ ಕೆಲಸದವರು ರಕ್ತ ಕೊಟ್ಟ ದಿನ ಮರ ಹತ್ತಲೇಬಾರದು. ಇದನ್ನು ಅವರಿಗೂ ಮೇಸ್ತ್ರಿಗೂ ಇಬ್ಬರಿಗೂ ಹೇಳಿ.

ಹಿಮೋಗ್ಲೋಬಿನ್ ಸಾಲದೆ ವಾಪಸ್ಸಾಗುವ ಹೆಂಗಸರು ಬಹಳ. ಅವರಿಗೆ ಬರೀ ಹಣ್ಣಿನ ರಸ ಕೊಟ್ಟು ಕಳಿಸಬೇಡಿ. ಅವರ ಒಪ್ಪಿಗೆ ಪಡೆದು ಹೆಸರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಿ, ಕಬ್ಬಿಣಾಂಶದ ಮಾತ್ರೆ ಸಿಕ್ಕಿತೇ ಎಂದು ಮುಂದಿನ ತಿಂಗಳು ವಿಚಾರಿಸಿ. ಹಾಡಿಗಳಲ್ಲಿ ಕುಡಗೋಲು ಕಣ (ಸಿಕಲ್ ಸೆಲ್) ರಕ್ತಹೀನತೆಯ ತಪಾಸಣೆಯೂ ಜೊತೆಗೆ ಬರಲಿ. 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಡಿ ಬುಡಕಟ್ಟು ಪ್ರದೇಶಗಳಲ್ಲಿ ಇದು ಸರ್ಕಾರದ್ದೇ ಕಾರ್ಯಕ್ರಮ. ನಿಮ್ಮ ಪಾತ್ರ ಜನರನ್ನು ಸೇರಿಸುವುದು, ಭಯ ಹೋಗಲಾಡಿಸುವುದು.

ಶಾಲೆಗೆ ಕುಡಿಯುವ ನೀರು

ಕಂಪನಿಯವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ ನೀರಿನ ಲವಣ ತೆಗೆಯುವ ಆರ್‌ಒ ಯಂತ್ರ ಕೊಳ್ಳಬೇಡಿ. ಕೊಡಗಿನ ಅನೇಕ ಶಾಲೆಗಳಿಗೆ ತೆರೆದ ಬಾವಿ ಇಲ್ಲವೇ ಬೆಟ್ಟದ ಒರತೆಯ ನೀರು. ಅಂಥ ನೀರಿನಲ್ಲಿ ಸಾಮಾನ್ಯವಾಗಿ ಲವಣಾಂಶ ಕಡಿಮೆ. ಇಲ್ಲಿನ ಸಮಸ್ಯೆ ಮಳೆಗಾಲದ ಕೆಸರು ಮತ್ತು ರೋಗಾಣು. ಆರ್‌ಒ ಒಳ್ಳೆಯ ನೀರಿನ ದೊಡ್ಡ ಪಾಲನ್ನು ಚರಂಡಿಗೆ ಬಿಡುತ್ತದೆ, ಮೇಲಾಗಿ ಕರೆಂಟ್ ಇಲ್ಲದೆ ನಡೆಯದು. ಜುಲೈನಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನಲ್ಲಿ ಅದರಿಂದೇನು ಫಲ?

ಮೊದಲು ನೀರನ್ನು ಗ್ರಾಮೀಣ ಕುಡಿಯುವ ನೀರು ಇಲಾಖೆಯ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಬೇಸಿಗೆಯಲ್ಲೊಮ್ಮೆ, ಮೊದಲ ಮಳೆಯ ನಂತರ ಇನ್ನೊಮ್ಮೆ. ವರದಿ ನೋಡಿಕೊಂಡು ಬಾವಿಗೆ ಕಟ್ಟೆ ಮತ್ತು ಮುಚ್ಚಳ, ತೊಟ್ಟಿ ಶುಚಿ ಮಾಡುವ ವ್ಯವಸ್ಥೆ, ಆಮೇಲೆ ಕರೆಂಟ್ ಬೇಡದ, ನೀರಿನ ಒತ್ತಡದಿಂದಲೇ ನಡೆಯುವ ತೆಳುಪೊರೆಯ (ಮೆಂಬ್ರೇನ್) ಫಿಲ್ಟರ್. ಫಿಲ್ಟರ್‌ನ ಮೈಮೇಲೆ ಹಾಕಿದ ದಿನಾಂಕ, ಬದಲಿಸಬೇಕಾದ ದಿನಾಂಕ ಎರಡನ್ನೂ ಅಳಿಸದ ಶಾಯಿಯಲ್ಲಿ ದೊಡ್ಡದಾಗಿ ಬರೆಯಿರಿ. ಹೈಸ್ಕೂಲಾದರೆ ರೋಟರಿ, ಲಯನ್ಸ್‌ನ ವಿದ್ಯಾರ್ಥಿ ಘಟಕಗಳಾದ ಇಂಟರ‍್ಯಾಕ್ಟ್ ಇಲ್ಲವೇ ಲಿಯೋ ಕ್ಲಬ್‌ನ ಇಬ್ಬರು ಮಕ್ಕಳಿಗೆ ಅದನ್ನು ನೋಡುವ ಹೊಣೆ ಕೊಡಿ. ಮಕ್ಕಳು ದೊಡ್ಡವರಂತೆ ಮರೆಯುವುದಿಲ್ಲ.

ಮಳೆಗಾಲದ ಸಿದ್ಧತೆ: ಮೇ ಕೊನೆಯೊಳಗೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಮ್ಮೆತ್ತಾಳು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳು ಇಳಿದದ್ದು, ಮರುವರ್ಷ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಆದದ್ದು ಇಲ್ಲಿ ಯಾರೂ ಮರೆತಿಲ್ಲ. ಅಂದು ಲಾರಿಗಟ್ಟಲೆ ನೆರವು ಬಂತು. ಆದರೆ ಹಳೆಯ ಬಟ್ಟೆಯ ರಾಶಿ ವಿಂಗಡಿಸಲು ಹೋಗುವ ಕೈಗಳು ಬೇರೆ ಕೆಲಸಕ್ಕೆ ಬೇಕಾಗಿರುತ್ತವೆ. ಹೊರಗಿನವರು ಏನು ಕಳಿಸಲಿ ಎಂದು ಕೇಳಿದಾಗ ಹೇಳಲು ಪಟ್ಟಿ ಮೊದಲೇ ಸಿದ್ಧವಿರಲಿ: ಹೊಸ ಒಳ ಉಡುಪು, ಕಂಬಳಿ, ಚಾಪೆ, ಟಾರ್ಚ್, ಸ್ಯಾನಿಟರಿ ಪ್ಯಾಡ್, ವಯಸ್ಕರ ಡೈಪರ್, ಟಾರ್ಪಾಲು, ಬಕೆಟ್, ಸೊಳ್ಳೆ ಪರದೆ. ಹಳೆಯ ಬಟ್ಟೆ ಬೇಡ ಎಂದು ಸ್ಪಷ್ಟವಾಗಿ ಹೇಳಿ.

ಮೇ ತಿಂಗಳಲ್ಲೇ ಗ್ರಾಮ ಪಂಚಾಯಿತಿ ಮತ್ತು ತಹಶೀಲ್ದಾರರ ಕಚೇರಿಯವರ ಜೊತೆ ಕುಳಿತು ಯಾವ ಕಟ್ಟಡ ಸಂತ್ರಸ್ತರು ತಂಗುವ ಕಾಳಜಿ ಕೇಂದ್ರವಾಗುತ್ತದೆ, ಅದರ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ತಿಳಿಯಿರಿ. ಹೋಗಿ ನೋಡಿ. ಶೌಚಾಲಯಕ್ಕೆ ನೀರಿದೆಯೇ, ಹೆಂಗಸರಿಗೆ ಮರೆ ಇದೆಯೇ, ಜನರೇಟರ್ ಎಲ್ಲಿಂದ ತರಬಹುದು? ಇಳಿಜಾರಿನ ಮನೆಗಳಲ್ಲಿ ಒಂಟಿಯಾಗಿರುವ ವೃದ್ಧರು, ಡಯಾಲಿಸಿಸ್‌ಗೆ ಹೋಗುವವರು, ತುಂಬು ಗರ್ಭಿಣಿಯರ ಪಟ್ಟಿ ಮಾಡಿ. ಮಕ್ಕಳು ಬೆಂಗಳೂರಿನಲ್ಲಿದ್ದು ತಂದೆ ತಾಯಿ ಮಾತ್ರ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲೋ ತೋಟದ ಮನೆಯಲ್ಲೋ ಉಳಿದ ಕುಟುಂಬಗಳು ಇಲ್ಲಿ ಎಷ್ಟೋ ಇವೆ. ಪ್ರತಿ ಹೆಸರಿನ ಮುಂದೆ ಜೀಪ್ ಇರುವ ಒಬ್ಬ ಸದಸ್ಯನ ಹೆಸರು ಬರೆಯಿರಿ. ಮೊಬೈಲ್ ಸಂಪರ್ಕ ಕಡಿದಾಗ ಎಲ್ಲಿ ಸೇರಬೇಕು ಎಂಬುದೂ ಗೊತ್ತಾಗಿರಲಿ.

ಗುಡ್ಡ ಕುಸಿಯುವ ಮುನ್ಸೂಚನೆಗಳನ್ನು ಮನೆಮನೆಗೆ ತಿಳಿಸಿ: ಅಂಗಳದಲ್ಲಿ, ತೋಟದಲ್ಲಿ ಹೊಸ ಬಿರುಕು, ಮರ, ವಿದ್ಯುತ್ ಕಂಬ ವಾಲುವುದು, ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ನಿಂತುಹೋಗುವುದು, ಸಲೀಸಾಗಿದ್ದ ಬಾಗಿಲು ಬಿಗಿಯಾಗುವುದು. ಇವು ಕಂಡರೆ ರಾತ್ರಿಯಾದರೂ ಮನೆ ಬಿಡಬೇಕು, ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಬೇಕು. ಜೆಸಿಬಿ ತಂದು ರಕ್ಷಣೆಗೆ ಇಳಿಯುವುದು ಕ್ಲಬ್‌ನ ಕೆಲಸವಲ್ಲ, ಅದಕ್ಕೆ ತರಬೇತಾದ ಪಡೆಗಳಿವೆ.

ಫೋಟೊ, ಬ್ಯಾನರ್, ಭಾಷಣ

ವರದಿಗೆ ಚಿತ್ರ ಬೇಕು, ನಿಜ. ಆದರೆ ಕನ್ನಡಕ ಪಡೆಯುವ ಅಜ್ಜಿಯ ಸುತ್ತ ಹತ್ತು ಜನ ನಿಂತು ಆ ಡಬ್ಬಿಯನ್ನು ಹಿಡಿದುಕೊಳ್ಳುವ ಪದ್ಧತಿ ನಿಲ್ಲಬೇಕು. ಕೆಲಸದ ಚಿತ್ರ ತೆಗೆಯಿರಿ: ತಪಾಸಣೆ, ಬಾವಿಯ ಕಟ್ಟೆ, ಹೊಸ ನಲ್ಲಿ. ವ್ಯಕ್ತಿಯ ಮುಖ ಬೇಕಿದ್ದರೆ ಅವರ ಭಾಷೆಯಲ್ಲೇ ಕೇಳಿ ಒಪ್ಪಿಗೆ ಪಡೆಯಿರಿ, ಮಕ್ಕಳಾದರೆ ಪೋಷಕರದ್ದು. ಕಾಳಜಿ ಕೇಂದ್ರದಲ್ಲಿ ಮನೆ ಕಳೆದುಕೊಂಡವರ ಚಿತ್ರ ಬೇಡವೇ ಬೇಡ. ಸಭಾ ಕಾರ್ಯಕ್ರಮ ಅರ್ಧ ಗಂಟೆ ಮೀರದಿರಲಿ, ರೋಗಿಗಳನ್ನು ಭಾಷಣಕ್ಕಾಗಿ ಕಾಯಿಸಬೇಡಿ.

ಕೊನೆಯ ಹಂತ: ಹಸ್ತಾಂತರ

ಯೋಜನೆ ಮುಗಿದ ದಿನ ಎರಡು ಹಸ್ತಾಂತರ ಆಗಬೇಕು. ಒಂದು ಊರಿಗೆ: ನೋಡಿಕೊಳ್ಳುವ ವ್ಯಕ್ತಿ, ರಿಪೇರಿ ಮಾಡುವವರ ದೂರವಾಣಿ ಸಂಖ್ಯೆ, ಬಿಡಿಭಾಗ ಸಿಗುವ ಅಂಗಡಿ, ನಿರ್ವಹಣಾ ಹಣ ಎಲ್ಲಿದೆ, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಸಹಿ ಮಾಡಿ ಗೋಡೆಗೆ ಅಂಟಿಸಿ. ಇನ್ನೊಂದು ಮುಂದಿನ ಅಧ್ಯಕ್ಷರಿಗೆ: ಅನುಮತಿ ಪತ್ರಗಳು, ಲೆಕ್ಕ, ಫಲಾನುಭವಿಗಳ ಪಟ್ಟಿ, ಮಳೆಗಾಲದ ಪಟ್ಟಿ, ಮತ್ತು ಯಾವುದು ಕೈಗೂಡಲಿಲ್ಲ, ಯಾಕೆ ಎಂಬ ಪ್ರಾಮಾಣಿಕ ಟಿಪ್ಪಣಿ.

ಹಸ್ತಾಂತರದ ನಂತರವೂ ಎರಡು ಸಲ ಹೋಗಿ ನೋಡಿ: ಮೊದಲ ಭೇಟಿ ಮೂರು ತಿಂಗಳಿಗೆ, ಎರಡನೆಯದು ಒಂದು ಮಳೆಗಾಲ ಕಳೆದ ಮೇಲೆ. ಎರಡನೆಯದು ಹೊಸ ಅಧ್ಯಕ್ಷರ ಅವಧಿಯಲ್ಲಿ ಬರುವುದರಿಂದ ಅದರ ದಿನಾಂಕವನ್ನು ಜೂನ್ ಸಭೆಯಲ್ಲೇ ಗೊತ್ತುಮಾಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಹಳೆಯ ಮತ್ತು ಹೊಸ ಅಧ್ಯಕ್ಷರು ಇಬ್ಬರೂ ಜೊತೆಯಾಗಿ ಹೋಗಿ ನಲ್ಲಿ ತಿರುಗಿಸಿ ನೋಡಿ ಬನ್ನಿ.